ಪ್ರಮಾಣಿಸಿ ನೋಡು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಕನ್ನಡಿಗರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಕಣ್ಣಿಗೆ ಕಂಡದ್ದನ್ನು ಕೂಡ ಒಡನೆಯೇ ನಂಬದೆ ಮತ್ತೊಮ್ಮೆ ಪರಿಶೀಲಿಸಿ ನಿಶ್ಚಯಿಸಬೇಕೆಂಬುದು ಅದರ ತಾತ್ಪರ್ಯ. ನ್ಯಾಯಸ್ಥಾನದಲ್ಲಿ, ವ್ಯಾಪಾರದಲ್ಲಿ, ನೆರೆಹೊರೆಯ ವ್ಯವಹಾರದಲ್ಲಿ ಈ ಗಾದೆ ಎಷ್ಟು ಉಪಯುಕ್ತವೋ ವೈದ್ಯಶಾಸ್ತ್ರದಲ್ಲಿಯೂ ಅಷ್ಟೇ ಉಪಯುಕ್ತ. ಎಚ್.ಐ.ವಿ. ಎಂಬ ವೈರಾಣುವಿನ ರಕ್ತಪರೀಕ್ಷೆಯ ವಿಷಯದಲ್ಲಿ ಈ ವಿವೇಕವನ್ನು ಮರೆತವರು ಎರಡು ಬಗೆಯ ಅನರ್ಥಕ್ಕೆ ಗುರಿಯಾಗುತ್ತಾರೆ. ಕೆಲವರು ಮೊದಲ ಪರೀಕ್ಷೆಯ ಚೀಟಿಯನ್ನೇ ಮರಣಶಾಸನವೆಂದು ಬಗೆದು ಎದೆಗುಂದುತ್ತಾರೆ. ಮತ್ತೆ ಕೆಲವರು ಅವಸರದಲ್ಲಿ ಮಾಡಿಸಿಕೊಂಡ ಒಂದು ಪರೀಕ್ಷೆಯನ್ನೇ ಅಭಯಪತ್ರವೆಂದು ನಂಬಿ ಮೈಮರೆಯುತ್ತಾರೆ. ಇಬ್ಬರೂ ಎಡವುವುದು ಒಂದೇ ಕಡೆ: ಪರೀಕ್ಷೆಯು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಅವರು ಅರಿತಿರುವುದಿಲ್ಲ.

ಈ ವೈರಾಣುವನ್ನು 1983 ರಲ್ಲಿ ಪ್ಯಾರಿಸ್ ನಗರದ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಮೊಟ್ಟಮೊದಲು ಪ್ರತ್ಯೇಕಿಸಿದರು. ಆ ಕಾರ್ಯಕ್ಕಾಗಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ ಮತ್ತು ಲ್ಯುಕ್ ಮೊಂಟಾನ್ಯೆ ಎಂಬವರಿಗೆ 2008 ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ರಕ್ತದಲ್ಲಿ ವೈರಾಣುವಿನ ಸುಳಿವನ್ನು ಹಿಡಿಯುವ ‘ಎಲೈಸಾ’ ಎಂಬ ಪರೀಕ್ಷೆ 1985 ರಲ್ಲಿ ಬಳಕೆಗೆ ಬಂದಿತು. ಮರುವರ್ಷವೇ, ಎಂದರೆ 1986 ರಲ್ಲಿ, ಭಾರತದಲ್ಲಿಯೂ ಸೋಂಕು ಇರುವುದು ಬೆಳಕಿಗೆ ಬಂದಿತು. ಮದರಾಸು ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ಯುವ ಸಂಶೋಧಕಿ ರಕ್ತದ ಮಾದರಿಗಳನ್ನು ಸಂಗ್ರಹಿಸಿ ವೆಲ್ಲೂರಿಗೆ ಒಯ್ದು ಪರೀಕ್ಷಿಸಿದರು. ಅವುಗಳಲ್ಲಿ ಆರು ಮಾದರಿಗಳು ಬಣ್ಣ ತಳೆದು ಸೋಂಕನ್ನು ಸೂಚಿಸಿದವು. ಆದರೆ ಆ ವಿಜ್ಞಾನಿಗಳು ಅಷ್ಟಕ್ಕೇ ತೃಪ್ತರಾಗಲಿಲ್ಲ. ಬೇರೊಂದು ವಿಧಾನದ ಪರೀಕ್ಷೆಯಿಂದ ಅದು ದೃಢಪಟ್ಟ ಮೇಲೆಯೇ ಫಲಿತಾಂಶವನ್ನು ನಂಬಿದರು. ಹೀಗೆ ನಮ್ಮ ದೇಶದ ಎಚ್.ಐ.ವಿ. ಚರಿತ್ರೆಯ ಮೊದಲ ಪುಟದಲ್ಲಿಯೇ ‘ಪ್ರಮಾಣಿಸಿ ನೋಡು’ ಎಂಬ ತತ್ತ್ವ ಆಚರಣೆಗೆ ಬಂದಿತು.

ಎಚ್.ಐ.ವಿ. ಮನುಷ್ಯನ ರೋಗನಿರೋಧಕ ಶಕ್ತಿಗೆ ಆಧಾರವಾದ ಸಿ.ಡಿ.4 ಎಂಬ ಬಿಳಿಯ ರಕ್ತಕಣಗಳನ್ನು ಹೊಕ್ಕು, ಅವುಗಳೊಳಗೇ ವೃದ್ಧಿಯಾಗಿ, ಅವುಗಳನ್ನು ನಾಶಪಡಿಸುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಹಲವು ವರ್ಷಗಳಲ್ಲಿ ದೇಹವು ಬಲಗುಂದಿ, ಕ್ಷಯವೇ ಮೊದಲಾದ ರೋಗಗಳಿಗೆ ತುತ್ತಾಗುತ್ತದೆ. ಈ ಕೊನೆಯ ಅವಸ್ಥೆಗೆ ಏಡ್ಸ್ ಎಂದು ಹೆಸರು. ಆದುದರಿಂದ ಎಚ್.ಐ.ವಿ. ಸೋಂಕು ಮತ್ತು ಏಡ್ಸ್ ಎಂಬವು ಒಂದೇ ಅಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸುವುದು, ಸೋಂಕುಳ್ಳ ತಾಯಿಯಿಂದ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನ ಮೂಲಕ ಮಗುವಿಗೆ ತಗಲುವುದು, ಇವೇ ಸೋಂಕು ಹರಡುವ ಮಾರ್ಗಗಳು. ಕೈಕುಲುಕುವುದರಿಂದ, ಒಂದೇ ಬೆಂಚಿನಲ್ಲಿ ಕುಳಿತು ಬುತ್ತಿಯನ್ನು ಹಂಚಿಕೊಳ್ಳುವುದರಿಂದ, ಸೊಳ್ಳೆಯ ಕಡಿತದಿಂದ, ನಗರದ ಬಸ್ಸಿನಲ್ಲಿ ಒತ್ತಾಗಿ ನಿಲ್ಲುವುದರಿಂದ ಅದು ಹರಡುವುದಿಲ್ಲ.

ಸೋಂಕಿತನನ್ನು ನೋಡಿದ ಮಾತ್ರಕ್ಕೆ ಗುರುತಿಸುವುದು ಸಾಧ್ಯವಿಲ್ಲ. ಅನೇಕ ವರ್ಷಗಳ ಕಾಲ ಆತ ಎಲ್ಲರಂತೆಯೇ ಆರೋಗ್ಯದಿಂದಿರಬಹುದು. ರಕ್ತಪರೀಕ್ಷೆಯೇ ಮುಖ್ಯವಾದ ದಾರಿ. ಆ ಪರೀಕ್ಷೆ ನಡೆಯುವ ಬಗೆಯನ್ನು ತಿಳಿದರೆ ಅದರ ಫಲವನ್ನು ಓದುವುದು ಸುಲಭ.

ಶರೀರದೊಳಕ್ಕೆ ಪರಕೀಯ ವೈರಾಣು ಪ್ರವೇಶಿಸಿದಾಗ ದೇಹವು ಅದನ್ನು ಎದುರಿಸಲು ಪ್ರತಿಕಾಯಗಳೆಂಬ ವಿಶೇಷ ಪ್ರೋಟೀನುಗಳನ್ನು ತಯಾರಿಸುತ್ತದೆ. ಊರಿಗೆ ಕಳ್ಳ ಬಂದನೆಂಬುದು ಕಾವಲುಗಾರರ ಓಡಾಟದಿಂದ ತಿಳಿಯುವಂತೆ, ವೈರಾಣುವಿನ ಇರವು ಈ ಪ್ರತಿಕಾಯಗಳಿಂದ ತಿಳಿಯುತ್ತದೆ. ಸಾಮಾನ್ಯವಾದ ಶೀಘ್ರಪರೀಕ್ಷೆಯಲ್ಲಿ ಬೆರಳ ತುದಿಯಿಂದ ತೆಗೆದ ಒಂದು ಹನಿ ರಕ್ತವನ್ನು ಸಣ್ಣ ಪಟ್ಟಿಯೊಂದರ ಮೇಲೆ ಇಡುತ್ತಾರೆ. ಪಟ್ಟಿಯಲ್ಲಿ ವೈರಾಣುವಿನ ಅಂಶಗಳನ್ನು ಮೊದಲೇ ಲೇಪಿಸಿರುತ್ತಾರೆ. ರಕ್ತದಲ್ಲಿ ತಕ್ಕ ಪ್ರತಿಕಾಯಗಳಿದ್ದರೆ ಅವು ಅಲ್ಲಿ ಅಂಟಿಕೊಂಡು ಬಣ್ಣದ ಗೆರೆಯೊಂದು ಮೂಡುತ್ತದೆ. ಇದಲ್ಲದೆ ಪರೀಕ್ಷೆ ಸರಿಯಾಗಿ ನಡೆಯಿತೆಂಬುದಕ್ಕೆ ಸಾಕ್ಷಿಯಾಗಿ ನಿಯಂತ್ರಣದ ಗೆರೆಯೊಂದು ಇರುತ್ತದೆ. ಆ ಗೆರೆ ಮೂಡದಿದ್ದರೆ ಪರೀಕ್ಷೆಯೇ ಅಸಿಂಧು. ಅದನ್ನು ಹೊಸ ಪಟ್ಟಿಯಲ್ಲಿ ಮತ್ತೆ ಮಾಡತಕ್ಕದ್ದು. ಫಲಿತಾಂಶ ಅರ್ಧ ಗಂಟೆಯೊಳಗೆ ದೊರೆಯುತ್ತದೆ. ಗೆರೆ ಮೂಡಿದರೆ ‘ರಿಯಾಕ್ಟಿವ್’ ಎಂದೂ ಮೂಡದಿದ್ದರೆ ‘ನಾನ್-ರಿಯಾಕ್ಟಿವ್’ ಎಂದೂ ಬರೆಯುತ್ತಾರೆ. ‘ಸೋಂಕು ಇದೆ’, ‘ಸೋಂಕು ಇಲ್ಲ’ ಎಂಬ ಮಾತುಗಳನ್ನು ಮೊದಲ ಪಟ್ಟಿಯ ಚೀಟಿಯಲ್ಲಿ ಬಳಸದಿರುವುದಕ್ಕೆ ಕಾರಣವುಂಟು. ಪಟ್ಟಿಯು ಹೇಳುವುದು ರಕ್ತವು ಪ್ರತಿಕ್ರಿಯೆ ತೋರಿತೇ ಇಲ್ಲವೇ ಎಂಬುದನ್ನು ಮಾತ್ರ.

ಗೆರೆ ಮೂಡದಿದ್ದಾಗಿನ ಸಂಗತಿಯನ್ನು ಮೊದಲು ನೋಡಬಹುದು. ವೈರಾಣು ದೇಹವನ್ನು ಹೊಕ್ಕ ದಿನವೇ ಪ್ರತಿಕಾಯಗಳು ಸಿದ್ಧವಾಗುವುದಿಲ್ಲ. ಅವು ಪರೀಕ್ಷೆಗೆ ಸಿಕ್ಕುವಷ್ಟು ಬೆಳೆಯಲು ಸಾಮಾನ್ಯವಾಗಿ ಮೂರು ವಾರಗಳಿಂದ ಮೂರು ತಿಂಗಳು ಬೇಕಾಗುತ್ತದೆ. ಈ ಅವಧಿಯನ್ನು ‘ವಿಂಡೋ ಪೀರಿಯಡ್’ ಅಥವಾ ಗವಾಕ್ಷಿ ಅವಧಿ ಎಂದು ಕರೆಯುತ್ತಾರೆ. ಈ ದಿನಗಳಲ್ಲಿ ಸೋಂಕು ದೇಹದಲ್ಲಿದ್ದರೂ, ಇತರರಿಗೆ ಹರಡಬಲ್ಲದಾದರೂ, ಪಟ್ಟಿಯ ಮೇಲೆ ಗೆರೆ ಮೂಡದಿರಬಹುದು. ಪ್ರತಿಕಾಯಗಳೊಡನೆ ವೈರಾಣುವಿನ ಪಿ24 ಎಂಬ ಅಂಶವನ್ನೂ ಹುಡುಕುವ ಹೊಸ ಪರೀಕ್ಷೆಗಳು ಈ ಅವಧಿಯನ್ನು ಕುಗ್ಗಿಸಿವೆಯಾದರೂ ಪೂರ್ಣವಾಗಿ ಅಳಿಸಿಲ್ಲ. ಆದುದರಿಂದ ಅಪಾಯದ ಸಂದರ್ಭವೊಂದು ಇತ್ತೀಚೆಗೆ ಸಂಭವಿಸಿದ್ದವರು ಮೂರು ತಿಂಗಳು ತುಂಬಿದ ಮೇಲೆ ಮರಳಿ ಪರೀಕ್ಷಿಸಿಕೊಳ್ಳಬೇಕು. ಆ ನಡುವೆ ರಕ್ತದಾನ ಮಾಡಕೂಡದು. ಇತರರಿಗೆ ಸೋಂಕು ತಗಲದಂತೆ ಎಚ್ಚರದಿಂದಿರಬೇಕು. ಸೋಂಕಿತ ಸೂಜಿ ಚುಚ್ಚಿದಂತಹ ಆಕಸ್ಮಿಕವಾದರೆ ಪರೀಕ್ಷೆಯ ದಿನಕ್ಕಾಗಿ ಕಾಯುತ್ತ ಕೂರದೆ, ಸಾಧ್ಯವಾದಷ್ಟು ಬೇಗ, ಹೇಗಾದರೂ 72 ಗಂಟೆಗಳೊಳಗೆ, ಆಸ್ಪತ್ರೆಯನ್ನು ಸೇರಬೇಕು. ಅಲ್ಲಿ ಕೊಡುವ ಔಷಧಿಯನ್ನು 28 ದಿನ ತಪ್ಪದೆ ಸೇವಿಸಿದರೆ ಸೋಂಕು ಬೇರೂರುವುದನ್ನು ಬಹುಮಟ್ಟಿಗೆ ತಡೆಯಬಹುದು.

ಗೆರೆ ಮೂಡಿದಾಗಿನ ಸಂಗತಿ ಇನ್ನೂ ಸೂಕ್ಷ್ಮವಾದುದು. ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಂತಹ ಜನನಿಬಿಡ ಪ್ರದೇಶಗಳಲ್ಲಿ ಇಂದು ಈ ಪರೀಕ್ಷೆಗೆ ಒಳಗಾಗುವವರೆಲ್ಲರೂ ಸೋಂಕಿನ ಶಂಕೆಯಿಂದ ಬಂದವರಲ್ಲ. ಶಸ್ತ್ರಚಿಕಿತ್ಸೆಗೆ ಸಿದ್ಧನಾದ ವೃದ್ಧ, ಮೊದಲ ಬಸಿರಿನ ತಪಾಸಣೆಗೆ ಬಂದ ಗೃಹಿಣಿ, ಕಚೇರಿಯ ಶಿಬಿರದಲ್ಲಿ ರಕ್ತದಾನ ಮಾಡಿದ ತರುಣ, ಬೀದಿಬೀದಿಗೂ ಇರುವ ಖಾಸಗಿ ಪ್ರಯೋಗಾಲಯಗಳಲ್ಲಿ ತಾವಾಗಿಯೇ ಪರೀಕ್ಷೆ ಮಾಡಿಸಿಕೊಳ್ಳುವವರು, ಹೀಗೆ ನಾನಾ ಬಗೆಯ ಜನರಿದ್ದಾರೆ. ಇವರಲ್ಲಿ ಯಾರಿಗಾದರೂ ‘ರಿಯಾಕ್ಟಿವ್’ ಎಂಬ ಚೀಟಿ ಬಂದರೆ ಆ ರಾತ್ರಿ ಆ ಮನೆಯಲ್ಲಿ ನಿದ್ರೆಯಿರುವುದಿಲ್ಲ. ಆ ಚೀಟಿಯ ಬೆಲೆ ಎಷ್ಟು? ಇದಕ್ಕೆ ಗಣಿತವೇ ಉತ್ತರ ಕೊಡುತ್ತದೆ.

ಭಾರತದ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಇಬ್ಬರಿಗೆ ಈ ಸೋಂಕು ಇದೆಯೆಂದು ಅಂದಾಜು. ಹಾಗಾದರೆ ಹತ್ತು ಸಾವಿರ ಮಂದಿಯಲ್ಲಿ ಸೋಂಕಿತರು 20, ಸೋಂಕಿಲ್ಲದವರು 9,980. ಪರೀಕ್ಷೆಯು ಸೋಂಕಿತರಾದ 20 ಮಂದಿಯನ್ನೂ ತಪ್ಪದೆ ಹಿಡಿಯುವುದೆಂದೂ, ಸೋಂಕಿಲ್ಲದವರಲ್ಲಿ ಸಾವಿರಕ್ಕೆ 5 ಮಂದಿಯ ವಿಷಯದಲ್ಲಿ ಮಾತ್ರ ಮೋಸಹೋಗುವುದೆಂದೂ ಲೆಕ್ಕಕ್ಕಾಗಿ ಭಾವಿಸಬಹುದು. ಸಾವಿರಕ್ಕೆ ಐದು ಎಂಬುದು ಅತ್ಯಲ್ಪವಾಗಿ ಕಾಣುತ್ತದೆ. ಆದರೆ 9,980 ಮಂದಿಯಲ್ಲಿ ಅದು ಸುಮಾರು 50 ಆಗುತ್ತದೆ. ಎಂದರೆ ಗೆರೆ ಮೂಡಿದ 70 ಮಂದಿಯಲ್ಲಿ ನಿಜವಾಗಿ ಸೋಂಕಿತರು 20 ಮಾತ್ರ. ಉಳಿದ 50 ಮಂದಿ ನಿರಪರಾಧಿಗಳಾಗಿ ಶಂಕೆಗೆ ಒಳಗಾದವರು. ಅದೇ ಪರೀಕ್ಷೆಯನ್ನು ಸೋಂಕು ಹೆಚ್ಚಾಗಿರುವ ಸಮೂಹವೊಂದರಲ್ಲಿ, ಹತ್ತು ಸಾವಿರದಲ್ಲಿ 500 ಮಂದಿ ಸೋಂಕಿತರಿರುವ ಕಡೆ ಮಾಡಿದರೆ, ಗೆರೆ ಮೂಡಿದ ಸುಮಾರು 548 ಮಂದಿಯಲ್ಲಿ 500 ಮಂದಿ ನಿಜವಾಗಿ ಸೋಂಕಿತರೇ. ಪಟ್ಟಿ ಒಂದೇ, ಗೆರೆ ಒಂದೇ; ಆದರೂ ಅದರ ಅರ್ಥ ಪರೀಕ್ಷೆಗೆ ಒಳಗಾದ ಸಮೂಹವನ್ನು ಅನುಸರಿಸಿ ಬದಲಾಗುತ್ತದೆ.

ಪರೀಕ್ಷೆಯು ಹೀಗೆ ಮೋಸಹೋಗುವುದಕ್ಕೆ ಹಲವು ಕಾರಣಗಳಿವೆ. ಬೇರೆ ಸೋಂಕುಗಳಿಂದಲೋ, ದೇಹವು ತನ್ನನ್ನೇ ಎದುರಿಸುವ ಕೆಲವು ಕಾಯಿಲೆಗಳಿಂದಲೋ ಹುಟ್ಟಿದ ಪ್ರತಿಕಾಯಗಳು ಪಟ್ಟಿಗೆ ಅಂಟಿಕೊಳ್ಳುವುದುಂಟು. ಮಾದರಿಗಳು ಅದಲುಬದಲಾಗುವಂತಹ ಕೈತಪ್ಪುಗಳೂ ಅಪೂರ್ವವಲ್ಲ. ಇಷ್ಟಾದರೂ ಸುಲಭವಾಗಿ ಶಂಕಿಸುವುದು ಈ ಪರೀಕ್ಷೆಯ ದೋಷವೆನ್ನಲಾಗದು. ಮೊದಲ ಪರೀಕ್ಷೆಯು ಸೂಕ್ಷ್ಮವಾದ ಜರಡಿ. ಒಬ್ಬ ಸೋಂಕಿತನೂ ಕಣ್ತಪ್ಪಿ ಹೋಗಬಾರದೆಂದು ಅದನ್ನು ಹಾಗೆ ರೂಪಿಸಿದ್ದಾರೆ. ರಕ್ತನಿಧಿಗಳು ಸಂಗ್ರಹಿಸಿದ ಪ್ರತಿಯೊಂದು ಬಾಟಲಿ ರಕ್ತವನ್ನೂ ಕಾನೂನಿನ ಪ್ರಕಾರ ಪರೀಕ್ಷಿಸಲೇಬೇಕು. ಒಂದು ಪರೀಕ್ಷೆಯಲ್ಲಿ ಪ್ರತಿಕ್ರಿಯೆ ಕಂಡರೂ ಆ ರಕ್ತವನ್ನು ರೋಗಿಗೆ ಕೊಡುವುದಿಲ್ಲ. ರಕ್ತವನ್ನು ತಿರಸ್ಕರಿಸಲು ಸಂಶಯವೇ ಸಾಕು. ಮನುಷ್ಯನಿಗೆ ಸೋಂಕಿದೆಯೆಂದು ಹೇಳಲು ನಿಶ್ಚಯ ಬೇಕು.

ನಿಶ್ಚಯಕ್ಕೆ ಬರುವ ಕ್ರಮವನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಗೊತ್ತುಪಡಿಸಿದೆ. ರೋಗಲಕ್ಷಣಗಳಿಲ್ಲದ ವ್ಯಕ್ತಿಯ ರಕ್ತ ಮೊದಲ ಪರೀಕ್ಷೆಯಲ್ಲಿ ಪ್ರತಿಕ್ರಿಯೆ ತೋರಿದರೆ, ಬೇರೆ ತತ್ತ್ವದ ಮೇಲೆ ಅಥವಾ ವೈರಾಣುವಿನ ಬೇರೆ ಅಂಶಗಳ ಆಧಾರದ ಮೇಲೆ ತಯಾರಾದ ಎರಡನೆಯ ಮತ್ತು ಮೂರನೆಯ ಪರೀಕ್ಷೆಗಳನ್ನು ಮಾಡುತ್ತಾರೆ. ಮೂರರಲ್ಲಿಯೂ ಪ್ರತಿಕ್ರಿಯೆ ಕಂಡರೆ ಮಾತ್ರ ಸೋಂಕು ಇದೆಯೆಂದು ವರದಿ ಕೊಡುತ್ತಾರೆ. ಒಂದನ್ನು ಮೋಸಗೊಳಿಸಿದ ಕಾರಣ ಬೇರೆ ಬಗೆಯ ಇನ್ನೆರಡನ್ನೂ ಮೋಸಗೊಳಿಸುವುದು ಬಹು ವಿರಳ. ಹಿಂದಿನ ಲೆಕ್ಕದ 50 ಮಂದಿಯನ್ನು, ಅಷ್ಟೇ ನಿಖರವಾದ, ಮೊದಲನೆಯದರ ತಪ್ಪಿಗೆ ಸಂಬಂಧವಿಲ್ಲದ ಎರಡನೆಯ ಪರೀಕ್ಷೆಗೆ ಒಳಪಡಿಸಿದರೆ, ತಪ್ಪಾಗಿ ಉಳಿಯುವವರ ಸಂಖ್ಯೆ ಒಂದಕ್ಕಿಂತಲೂ ಕಡಿಮೆ. ಮೂರು ಸಾಕ್ಷಿಗಳು ಒಬ್ಬರನ್ನೊಬ್ಬರು ಅರಿಯದೆ ಒಂದೇ ಮಾತನ್ನು ಹೇಳಿದರೆ ನ್ಯಾಯಾಧೀಶನು ನಂಬುವಂತೆ, ವೈದ್ಯನೂ ಆಗ ನಂಬುತ್ತಾನೆ. ಪರೀಕ್ಷೆಗಳ ಉತ್ತರಗಳು ಪರಸ್ಪರ ಹೊಂದದಿದ್ದರೆ ‘ಅನಿಶ್ಚಿತ’ವೆಂದು ಬರೆದು, 14 ರಿಂದ 28 ದಿನಗಳ ತರುವಾಯ ಹೊಸ ರಕ್ತದಿಂದ ಮತ್ತೆ ಪರೀಕ್ಷಿಸುತ್ತಾರೆ. ಆಗಲೂ ಗೊಂದಲ ಉಳಿದರೆ ಮಾದರಿಯನ್ನು ಉನ್ನತ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಜಯನಗರಕ್ಕೆ ಸಮೀಪದಲ್ಲಿ ಹೊಸೂರು ರಸ್ತೆಯ ಮೇಲಿರುವ ನಿಮ್ಹಾನ್ಸ್ ಸಂಸ್ಥೆಯು ಮಾನಸಿಕ ಆರೋಗ್ಯಕ್ಕೆ ಹೆಸರಾದುದೆಂದು ಎಲ್ಲರೂ ಬಲ್ಲರು. ದೇಶದ ಎಚ್.ಐ.ವಿ. ರಾಷ್ಟ್ರೀಯ ಉಲ್ಲೇಖ ಪ್ರಯೋಗಾಲಯಗಳಲ್ಲಿ ಒಂದು ಅಲ್ಲಿಯೇ ಇದೆಯೆಂಬುದನ್ನು ಬಲ್ಲವರು ಕಡಿಮೆ. ಇತರ ಪ್ರಯೋಗಾಲಯಗಳ ಕೆಲಸ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಇಂತಹ ಪ್ರಯೋಗಾಲಯಗಳ ಮುಖ್ಯ ಕರ್ತವ್ಯ. ಪರೀಕ್ಷಿಸುವವರನ್ನೂ ಪ್ರಮಾಣಿಸಿ ನೋಡುವ ಏರ್ಪಾಡು ಇದು.

ಆದುದರಿಂದ ಖಾಸಗಿ ಪ್ರಯೋಗಾಲಯದಿಂದಲೋ ರಕ್ತನಿಧಿಯಿಂದಲೋ ‘ರಿಯಾಕ್ಟಿವ್’ ಎಂಬ ಸುದ್ದಿ ಬಂದವನು ಮಾಡತಕ್ಕ ಮೊದಲ ಕೆಲಸವೆಂದರೆ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಐ.ಸಿ.ಟಿ.ಸಿ., ಎಂದರೆ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋಗುವುದು. ದಕ್ಷಿಣ ಬೆಂಗಳೂರಿನವರಿಗೆ ಜಯನಗರದ ಸಾರ್ವಜನಿಕ ಆಸ್ಪತ್ರೆ ಹತ್ತಿರದ್ದು. ಕೇಂದ್ರ ಎಲ್ಲಿದೆಯೆಂದು ತಿಳಿಯದವರು 1097 ಎಂಬ ಉಚಿತ ದೂರವಾಣಿ ಸಂಖ್ಯೆಗೆ ಕರೆಮಾಡಿ ವಿಚಾರಿಸಬಹುದು. ಇಲ್ಲಿ ಪರೀಕ್ಷೆ ಉಚಿತ, ವಿವರಗಳು ಗೋಪ್ಯ. ಪರೀಕ್ಷೆಗೆ ಮುನ್ನವೂ ಅನಂತರವೂ ಆಪ್ತ ಸಮಾಲೋಚಕರು ಬಂದವರೊಡನೆ ಏಕಾಂತದಲ್ಲಿ ಮಾತನಾಡಿ, ಫಲಿತಾಂಶದ ಅರ್ಥವನ್ನೂ ಮುಂದಿನ ದಾರಿಯನ್ನೂ ತಿಳಿಸುತ್ತಾರೆ. ಗೊತ್ತಿಲ್ಲದ ಭಯವನ್ನು ಒಬ್ಬನೇ ಹೊತ್ತು ತಿರುಗುವುದಕ್ಕಿಂತ ಬಲ್ಲವರೊಡನೆ ಕುಳಿತು ಮಾತನಾಡುವುದು ಅರ್ಧ ಚಿಕಿತ್ಸೆಯಿದ್ದಂತೆ.

ಪ್ರತಿಕಾಯಗಳನ್ನು ಕಂಡೊಡನೆ ಸೋಂಕೆಂದು ತಿಳಿಯಬಾರದೆಂಬುದಕ್ಕೆ ನವಜಾತ ಶಿಶುವೇ ಸ್ಪಷ್ಟವಾದ ನಿದರ್ಶನ. ತಾಯಿಯ ಪ್ರತಿಕಾಯಗಳು ಗರ್ಭದಲ್ಲಿಯೇ ಮಗುವಿನ ರಕ್ತವನ್ನು ಸೇರುತ್ತವೆ. ಸೋಂಕುಳ್ಳ ತಾಯಿಯ ಮಗುವಿಗೆ ಸೋಂಕು ತಗಲದಿದ್ದರೂ ಒಂದೂವರೆ ವರ್ಷದವರೆಗೆ ಪ್ರತಿಕಾಯ ಪರೀಕ್ಷೆಯಲ್ಲಿ ಗೆರೆ ಮೂಡಬಹುದು. ಹೀಗಾಗಿ ಮಗುವಿಗೆ ಆರು ವಾರ ತುಂಬಿದಾಗ ವೈರಾಣುವನ್ನೇ ನೇರವಾಗಿ ಹುಡುಕುವ ಪಿ.ಸಿ.ಆರ್. ಪರೀಕ್ಷೆಯನ್ನು ಮಾಡುತ್ತಾರೆ, 18 ತಿಂಗಳಾದ ಮೇಲೆ ಪ್ರತಿಕಾಯ ಪರೀಕ್ಷೆಯಿಂದ ಅಂತಿಮ ನಿರ್ಣಯಕ್ಕೆ ಬರುತ್ತಾರೆ. ತಾಯಿಯು ಬಸಿರಿನಲ್ಲಿಯೇ ಪರೀಕ್ಷೆ ಮಾಡಿಸಿಕೊಂಡು ಔಷಧಿ ಸೇವಿಸಿ, ಮಗುವಿಗೂ ಹುಟ್ಟಿದೊಡನೆ ಔಷಧಿ ಕೊಟ್ಟರೆ, ಬಹುಪಾಲು ಮಕ್ಕಳು ಸೋಂಕಿಲ್ಲದೆ ಬೆಳೆಯುತ್ತಾರೆ. ಗರ್ಭಿಣಿಯರೆಲ್ಲರಿಗೂ ಈ ಪರೀಕ್ಷೆಯನ್ನು ಸೂಚಿಸುವುದರ ಉದ್ದೇಶ ಇದೇ.

ಮೂರು ಪರೀಕ್ಷೆಗಳೂ ಸೋಂಕನ್ನು ಖಚಿತಪಡಿಸಿದವೆಂದರೆ ಮುಂದೇನು? ಒಂದು ಕಾಲದಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಔಷಧಿಗಳು ಬಂದ ಮೇಲೂ ಅವುಗಳ ಬೆಲೆ ಬಡವರ ಕೈಗೆ ಎಟುಕುತ್ತಿರಲಿಲ್ಲ. 2004 ರ ಏಪ್ರಿಲ್ ತಿಂಗಳಿನಲ್ಲಿ ಭಾರತ ಸರ್ಕಾರವು ಸೋಂಕು ಹೆಚ್ಚಾಗಿದ್ದ ಕರ್ನಾಟಕವೇ ಮೊದಲಾದ ಆರು ರಾಜ್ಯಗಳಲ್ಲಿ ಎ.ಆರ್.ಟಿ. ಎಂಬ ವೈರಾಣು ನಿರೋಧಕ ಚಿಕಿತ್ಸೆಯನ್ನು ಉಚಿತವಾಗಿ ಆರಂಭಿಸಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಆ ಮೊದಲ ಕೇಂದ್ರಗಳಲ್ಲಿ ಒಂದು. ಆಗ ಸಿ.ಡಿ.4 ಕಣಗಳು ಬಹಳ ಕುಗ್ಗಿದ ಮೇಲೆಯೇ ಔಷಧಿ ಕೊಡುತ್ತಿದ್ದರು. ಈ ಮಿತಿಯನ್ನು ಹಂತಹಂತವಾಗಿ ಸಡಿಲಿಸಿ, 2017 ರಿಂದ ಸೋಂಕು ಖಚಿತವಾದ ಎಲ್ಲರಿಗೂ ಕಣಗಳ ಸಂಖ್ಯೆಯನ್ನು ಲೆಕ್ಕಿಸದೆ ಚಿಕಿತ್ಸೆ ಕೊಡಲಾಗುತ್ತಿದೆ. ಇಂದು ಬಹುಪಾಲು ವಯಸ್ಕರಿಗೆ ಮೂರು ಔಷಧಿಗಳು ಸೇರಿದ ಒಂದು ಮಾತ್ರೆ, ದಿನಕ್ಕೊಮ್ಮೆ ಸಾಕು. ಆದರೆ ಅದನ್ನು ಜೀವನಪರ್ಯಂತ ತಪ್ಪದೆ ಸೇವಿಸಬೇಕು. ನಡುನಡುವೆ ಬಿಟ್ಟರೆ ವೈರಾಣು ಔಷಧಿಗೆ ಬಗ್ಗದಂತಾಗುವ ಅಪಾಯವಿದೆ.

ಈ ಔಷಧಿ ಸೋಂಕನ್ನು ಬೇರುಸಹಿತ ಕಿತ್ತುಹಾಕಲಾರದು. ಆದರೆ ವೈರಾಣುವಿನ ವೃದ್ಧಿಯನ್ನು ತಡೆದು ದೇಹದ ಶಕ್ತಿಯನ್ನು ಕಾಪಾಡುತ್ತದೆ. ಮತ್ತೊಂದು ಮಹೋಪಕಾರವೂ ಅದರಿಂದ ಉಂಟು. ಒಬ್ಬರಿಗೆ ಮಾತ್ರ ಸೋಂಕಿದ್ದ 1763 ಜೋಡಿಗಳನ್ನು ಕುರಿತು ಹಲವು ದೇಶಗಳಲ್ಲಿ ನಡೆದ ಅಧ್ಯಯನವೊಂದು 2011 ರಲ್ಲಿ ಪ್ರಕಟವಾಯಿತು. ಚೆನ್ನೈ ಮತ್ತು ಪುಣೆಯ ಕೇಂದ್ರಗಳೂ ಅದರಲ್ಲಿ ಪಾಲುಗೊಂಡಿದ್ದವು. ಬೇಗನೆ ಚಿಕಿತ್ಸೆ ಆರಂಭಿಸಿದಲ್ಲಿ ಸಂಗಾತಿಗೆ ಸೋಂಕು ಹರಡುವುದು ನೂರಕ್ಕೆ 96 ರಷ್ಟು ಕಡಿಮೆಯಾಗುವುದೆಂದು ಅದು ತೋರಿಸಿತು. ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಕ್ಕದಷ್ಟು ಕುಗ್ಗಿ ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವೆಂದು ಅನಂತರದ ಅಧ್ಯಯನಗಳು ಸ್ಥಿರಪಡಿಸಿವೆ. ಹೀಗಿರಲು, ಪರೀಕ್ಷೆಗೆ ಅಂಜಿ ದೂರ ಉಳಿಯುವವನು ತನಗೂ ತನ್ನವರಿಗೂ ದೊರೆಯಬಹುದಾದ ರಕ್ಷಣೆಯನ್ನು ಕಳೆದುಕೊಳ್ಳುತ್ತಾನೆ.

ಜನರು ಅಂಜುವುದು ರೋಗಕ್ಕಿಂತಲೂ ಹೆಚ್ಚಾಗಿ ಜನಾಪವಾದಕ್ಕೆ. ಮನೆಯ ಯಜಮಾನನು ಬಾಡಿಗೆಮನೆಯನ್ನು ಬಿಡಿಸಿಯಾನು, ಕೆಲಸ ಹೋದೀತು, ಮಗುವನ್ನು ಶಾಲೆಯಿಂದ ಹೊರಗಿಟ್ಟಾರು ಎಂಬ ಭಯ ಸಾಮಾನ್ಯ. ಇದನ್ನು ಮನಗಂಡು ಸಂಸತ್ತು 2017 ರಲ್ಲಿ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯನ್ನು ಅಂಗೀಕರಿಸಿತು. ಅದು 2018 ರ ಸೆಪ್ಟೆಂಬರ್ 10 ರಿಂದ ಜಾರಿಯಲ್ಲಿದೆ. ವಿಷಯವನ್ನು ವಿವರಿಸಿ ಒಪ್ಪಿಗೆ ಪಡೆಯದೆ ಯಾರನ್ನೂ ಈ ಪರೀಕ್ಷೆಗೆ ಒಳಪಡಿಸಕೂಡದು. ಫಲಿತಾಂಶವನ್ನು ಬಯಲು ಮಾಡಕೂಡದು. ಶಿಕ್ಷಣ, ಉದ್ಯೋಗ, ವಸತಿ, ಚಿಕಿತ್ಸೆಗಳಲ್ಲಿ ಸೋಂಕಿತರಿಗೆ ಭೇದವೆಣಿಸಕೂಡದು ಎಂದು ಆ ಕಾಯಿದೆ ವಿಧಿಸುತ್ತದೆ. ಸೋಂಕಿನಿಂದ ಬಾಧಿತವಾದ ಕುಟುಂಬದಲ್ಲಿ ಸಂಸಾರವನ್ನು ನಿರ್ವಹಿಸಬಲ್ಲ ಪ್ರಬುದ್ಧತೆಯುಳ್ಳ 12 ರಿಂದ 18 ವರ್ಷದೊಳಗಿನ ಅಣ್ಣನೋ ಅಕ್ಕನೋ ತನ್ನ ತಮ್ಮತಂಗಿಯರ ಶಾಲಾ ಪ್ರವೇಶ, ಚಿಕಿತ್ಸೆಗಳಂತಹ ವಿಷಯಗಳಲ್ಲಿ ಪೋಷಕನಾಗಿ ನಿಲ್ಲಲು ಕೂಡ ಅದು ಅವಕಾಶ ಕೊಟ್ಟಿದೆ. ಎಳೆಯ ಹೆಗಲುಗಳ ಮೇಲೆ ಬಿದ್ದ ಭಾರವನ್ನು ಕಾನೂನು ಗುರುತಿಸಿದ ಅಪೂರ್ವ ಸಂದರ್ಭ ಇದು.

ಕಾನೂನು ಹೊರಗಿನ ರಕ್ಷಣೆಯನ್ನು ಕೊಡಬಲ್ಲದು. ಒಳಗಿನ ಧೈರ್ಯ ಬರಬೇಕಾದುದು ತಿಳಿವಳಿಕೆಯಿಂದ. ಗೆರೆ ಮೂಡದಿದ್ದರೆ ಕಾಲವನ್ನು ಎಣಿಸಿ ಮತ್ತೊಮ್ಮೆ ನೋಡಬೇಕು. ಗೆರೆ ಮೂಡಿದರೆ ಬೇರೆ ಪರೀಕ್ಷೆಗಳಿಂದ ಪ್ರಮಾಣಿಸಿ ನೋಡಬೇಕು. ಸೋಂಕು ಖಚಿತವಾದರೆ ತಡಮಾಡದೆ ಚಿಕಿತ್ಸೆಗೆ ತೊಡಗಬೇಕು. ನೆರೆಮನೆಯವನ ಚೀಟಿಯ ಸುದ್ದಿ ಕಿವಿಗೆ ಬಿದ್ದವನು ಅದನ್ನು ಮತ್ತೊಬ್ಬನ ಕಿವಿಗೆ ಹಾಕದೆ ಅಲ್ಲಿಗೇ ನಿಲ್ಲಿಸಬೇಕು. ಇಷ್ಟನ್ನು ಪ್ರತಿಯೊಬ್ಬನೂ ಅರಿತು ನಡೆದರೆ, ಒಂದು ಹನಿ ರಕ್ತದ ಉತ್ತರವನ್ನು ಎದುರಿಸಲು ಯಾವ ಮನೆಯೂ ಅಂಜಬೇಕಾಗಿಲ್ಲ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಶೀಘ್ರಪರೀಕ್ಷೆಯ ಪಟ್ಟಿಯಲ್ಲಿ ನಿಯಂತ್ರಣದ ಗೆರೆ ಮೂಡದಿದ್ದರೆ ಏನೆಂದು ತಿಳಿಯಬೇಕು?
2. ಗವಾಕ್ಷಿ ಅವಧಿ ಎಂದರೇನು?
3. ಕರ್ನಾಟಕದಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ ಯಾವ ವರ್ಷದಲ್ಲಿ ಆರಂಭವಾಯಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ನವಜಾತ ಶಿಶುವಿಗೆ ಪ್ರತಿಕಾಯ ಪರೀಕ್ಷೆಯೊಂದರಿಂದಲೇ ಸೋಂಕನ್ನು ನಿರ್ಣಯಿಸಲಾಗದು, ಏಕೆ?
2. ‘ರಕ್ತವನ್ನು ತಿರಸ್ಕರಿಸಲು ಸಂಶಯವೇ ಸಾಕು, ಮನುಷ್ಯನಿಗೆ ಸೋಂಕಿದೆಯೆಂದು ಹೇಳಲು ನಿಶ್ಚಯ ಬೇಕು.’ ಈ ಮಾತನ್ನು ವಿವರಿಸಿರಿ.
3. 2017 ರ ಕಾಯಿದೆಯು ಸೋಂಕಿತರಿಗೆ ಕೊಡುವ ರಕ್ಷಣೆಗಳಾವುವು?

ಇ) ಲೆಕ್ಕ ಮಾಡಿರಿ:
ಹತ್ತು ಸಾವಿರ ಮಂದಿಯಲ್ಲಿ 100 ಮಂದಿ ಸೋಂಕಿತರಿದ್ದು, ಪಾಠದಲ್ಲಿ ಹೇಳಿದ ಪರೀಕ್ಷೆಯನ್ನೇ ಬಳಸಿದರೆ, ಗೆರೆ ಮೂಡಿದವರಲ್ಲಿ ನಿಜವಾಗಿ ಸೋಂಕಿತರು ನೂರಕ್ಕೆ ಎಷ್ಟು?

ಈ) ಚರ್ಚಿಸಿರಿ:
‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಿತ್ಯಜೀವನದ ಬೇರೆ ಎರಡು ಸಂದರ್ಭಗಳಿಗೆ ಅನ್ವಯಿಸಿ ಬರೆಯಿರಿ.